ಅಲುಗಬೇಡ

ದಿನಕ್ಕೆ ನೂರು ಸಲ ಹೇಳುವ ಮಾತು.
ಅರಬಿಯಲ್ಲಿ ಹೇಳುತ್ತೇನೆ, ಹಿಂದಿಯಲ್ಲಿ, ಮುರುಕು ತಗಲಾಗ್‌ನಲ್ಲಿ,
ಫಾಹೀಲ್‌ನ ಈ ಕ್ಲಿನಿಕ್ಕಿನ ಕಿಟಕಿಯಿಲ್ಲದ ಕೋಣೆಯಲ್ಲಿ
ಸೀಸದ ಏಪ್ರನ್ ತೊಟ್ಟು, ಹದಿನೇಳು ವರ್ಷದಿಂದ.
ಅಟ್ಟಣಿಗೆಯಿಂದ ಬಿದ್ದವರ ಬೆನ್ನು, ಅಜ್ಜಿಯರ ಸೊಂಟ,
ಬಾಗಿಲಿಗೆ ಸಿಕ್ಕಿದ ಪುಟ್ಟ ಬೆರಳು,
ತೆರೆಯ ಮೇಲೆ ಯಾವುದಕ್ಕೂ ಮುಖವಿಲ್ಲ.
ಬರೀ ಬಿಳಿ.

ಇವತ್ತು ಫಾರಮಿನಲ್ಲಿದ್ದ ಹೆಸರು ನಾನೇ ಇಟ್ಟದ್ದು.
ಜೆನಿಟಾ. ಹದಿನೈದು. ಸಾವಿರದೈನೂರು ಮೀಟರ್.
ಎಡಗಾಲು, ಮಂಡಿಯ ಕೆಳಗೆ, ಒಳಬದಿ,
ಎರಡು ಬೆರಳಗಲ ನೋವು.
"ಓಡುವಾಗ ಇರೋದಿಲ್ಲ ಪಪ್ಪಾ, ಮುಗಿದ ಮೇಲೆ" ಎಂದಿದ್ದಳು.
ಆಮೇಲೆ, "ಓಡುವಾಗಲೂ."
ಆಮೇಲೆ ಮೊನ್ನೆ ಏನೂ ಹೇಳದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಬೆಳಗಿನ ಜಾವ ನಾಲ್ಕಕ್ಕೆ ನಾನೇ ಕಡಲ ದಂಡೆಗೆ ಬಿಟ್ಟು ಬರುತ್ತಿದ್ದೆ.
ದಕ್ಷಿಣಕ್ಕೆ ರಿಫೈನರಿಯ ಬೆಂಕಿ, ಸೂರ್ಯನಿಗಿಂತ ಮೊದಲೇ ಎದ್ದದ್ದು.
ಕ್ಯಾಪ್ಟನ್ ಶೌಕಿ (ಇಲ್ಲಿ ಕೋಚುಗಳೆಲ್ಲ ಕ್ಯಾಪ್ಟನ್ನರೇ)
ಕೊರಳಿಗೆ ಎರಡು ಸ್ಟಾಪ್‌ವಾಚು ನೇತುಹಾಕಿ
ಯಲ್ಲಾ ಯಲ್ಲಾ ಎಂದು ಇಂಟರ್‌ಲಾಕ್ ನೆಲದ ಮೇಲೆ ಅಟ್ಟುತ್ತಿದ್ದ.
ಬಿಸಿಲೇರುವ ಮೊದಲು ಮುಗಿಯಬೇಕು ಎಲ್ಲ.
ಬಿಸಿಲೇರಿದ ಮೇಲೆ ಬಸ್ಸು, ಶಾಲೆ, ಮತ್ತೆ ಬಸ್ಸು,
ಪರದೆ ಎಳೆದ ಫ್ಲ್ಯಾಟು, ಏಸಿಯ ಗೊರಕೆ.
ಐವತ್ತು ಡಿಗ್ರಿ ಕಾಯುವ ಊರಿನಲ್ಲಿ
ಬಿಸಿಲು ಕಾಣದ ಮಗು ನನ್ನದು.
ರಕ್ತದ ವರದಿಯಲ್ಲಿ ಡಿ ವಿಟಮಿನ್ನಿನ ಮುಂದೆ: ಒಂಬತ್ತು.
ಡಾಕ್ಟರ್ ಬದ್ರಿಯಾ ನಗಲಿಲ್ಲ. ನಾನು ನಕ್ಕೆ, ಯಾಕೋ.

ಫಾರಮಿನ ಕೆಳಗೊಂದು ಪ್ರಶ್ನೆ ಇರುತ್ತದೆ, ಹೆಣ್ಣುಮಕ್ಕಳಿಗೆ,
ಕಿರಣ ಬಿಡುವ ಮೊದಲು ಮುಖ ನೋಡದೆ ಕೇಳುವಂಥದು:
ಕಡೆಯ ಮುಟ್ಟು ಯಾವಾಗ?
ಅವಳು ಗುಂಡು ಗುಂಡಗೆ ಬರೆದಿದ್ದಳು,
ಮೇ.
ಇದು ಅಕ್ಟೋಬರ್.
ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ,
ಎತ್ತ ಬೇಕಾದರೂ ಹೊರಳುತ್ತದೆ ಅಂತ.
ನನ್ನದು ಹೊರಳಲಿಲ್ಲ.

ಅನ್ನವನ್ನು ಚಮಚದಲ್ಲಿ ಎಣಿಸುತ್ತಿದ್ದಳು.
ಐದು. ಆಮೇಲೆ ಮೂರು.
ಬೂತಾಯಿಯನ್ನು ಮುಳ್ಳು ಸಮೇತ ನುರಿದು ಬೆಳೆದವರು ನಾವು;
ಅವಳು ಮೀನನ್ನೇ ತಟ್ಟೆಯ ಅಂಚಿಗೆ ಸರಿಸಿ
"ಹಗುರ ಇದ್ದರೆ ಕೊನೇ ಸುತ್ತು ಭಾರ ಆಗಲ್ಲ" ಎಂದಾಗ
ನಾವು ಹೆಮ್ಮೆಪಟ್ಟೆವು.
ಪದಕಕ್ಕಿಂತ ಕೊರಳ ಎಲುಬೇ ಹೆಚ್ಚು ಹೊಳೆದ ಆ ಫೋಟೋಗೆ
ಅವಳಮ್ಮ ಫ್ರೇಮು ಹಾಕಿಸಿ ಟೀವಿಯ ಪಕ್ಕ ಇಟ್ಟಿದ್ದಾಳೆ.

ತೆರೆಯ ಮೇಲೆ ಮೂಡಿತು.
ಮಂಡಿಯ ಬಳಿ ಇನ್ನೂ ಮುಚ್ಚದ ಬೆಳವಣಿಗೆಯ ಗೆರೆ,
ನಾಳೆ ಬರುತ್ತೇನೆಂದು ಮೇಸ್ತ್ರಿ ಬಿಟ್ಟುಹೋದ ಸಂದಿನಂತೆ.
ಅದರ ಕೆಳಗೆ, ಎಲುಬಿನ ಹೊರಪದರದಲ್ಲಿ, ಒಂದು ಕೂದಲೆಳೆ.
ಬೇರೆ ಯಾರದಾದರೂ ಆಗಿದ್ದರೆ
ಕಣ್ಣಿನ ದಣಿವು ಎಂದುಕೊಳ್ಳುತ್ತಿದ್ದೆನೇನೋ.
ಹಿಗ್ಗಿಸಿ ನೋಡಿದೆ. ಎರಡು ಸಲ.
ಚಿತ್ರ ತೆಗೆಯುವುದಷ್ಟೇ ನನ್ನ ಕೆಲಸ, ಓದುವುದು ಡಾಕ್ಟರದು,
ಹದಿನೇಳು ವರ್ಷ ಇದೇ ಹೇಳಿ ತಪ್ಪಿಸಿಕೊಂಡವನು.

ಗಾಜಿನಾಚೆ ಅವಳು ಇನ್ನೂ ಹಾಗೇ ಮಲಗಿದ್ದಳು,
ಎರಡು ಬದಿಗೆ ಮರಳ ಚೀಲ, ಕಣ್ಣು ಚಾವಣಿಗೆ,
ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ,
ತೊಟ್ಟಿಲಲ್ಲೂ.
"ಆಯ್ತು" ಎನ್ನಲು ಮರೆತಿದ್ದೆ.

ಶುಕ್ರವಾರ ಹತ್ತು ಗಂಟೆಗೆ ದಂಡೆಯ ಮೆಟ್ಟಿಲ ಮೇಲೆ ಕೂತಿದ್ದೇವೆ.
ದಪ್ಪ ಬೂಟು ಕಳಚಿಟ್ಟು, ಪ್ಯಾಂಟು ಮಂಡಿಗೆ ಮಡಚಿ
ಅವಳು ಬಿಸಿಲಿಗೆ ಕಾಲು ಚಾಚಿದ್ದಾಳೆ.
ಡಬ್ಬಿಯಲ್ಲಿ ಮೀನು. ಅರ್ಧ ತಿಂದಿದ್ದಾಳೆ, ನಾನು ನೋಡುತ್ತಿಲ್ಲ ಎಂಬಂತೆ.
ಕ್ಯಾಪ್ಟನ್ ಬಂದಿದ್ದ, ಬಹಳ ಹೊತ್ತು ಕಡಲನ್ನೇ ನೋಡಿದ,
ಹೋಗುವಾಗ ಒಂದು ಸ್ಟಾಪ್‌ವಾಚು ಅವಳ ಕೈಗಿಟ್ಟ.
ಡಾಕ್ಟರು ಹೇಳಿದ್ದು ಇಪ್ಪತ್ತು ನಿಮಿಷ.
"ಇಪ್ಪತ್ತೊಂದು," ಎನ್ನುತ್ತಾಳೆ,
ಯಾರನ್ನೋ ಹಿಂದೆ ಹಾಕಿದವಳ ಹಾಗೆ.