ಬಲೆಯಿಲ್ಲದ ರಿಂಗು

ಲಗ್ಗೆರೆಯ ನಮ್ಮ ಶಾಲೆಯ ಅಂಗಳದಲ್ಲಿ ರಿಂಗು ಇತ್ತು,
ಬಲೆ ಇರಲಿಲ್ಲ.
ಚೆಂಡು ಒಳಗೆ ಹೋಯಿತೋ, ಅಂಚು ಸವರಿ ಆಚೆ ಬಿತ್ತೋ
ಹೇಳಲು ಗಾಳಿಗೆ ಬಾಯಿಲ್ಲ.
ಅದಕ್ಕೇ ದಿನಾ ಜಗಳ.
ಕೊನೆಗೆ ದೊರೆಸ್ವಾಮಿ ಮೇಷ್ಟ್ರು ನನ್ನನ್ನು ಕಂಬದ ಕೆಳಗೆ ನಿಲ್ಲಿಸಿದರು:
"ನೀನು ಸಾಕ್ಷಿ. ಹೋದರೆ ಹೋಯ್ತು ಅನ್ನು."

ಎಸ್ತರ್ ಎಸೆಯುತ್ತಿದ್ದಳು.
ಹೋಯ್ತು.
ಹೋಯ್ತು.
ಇಲ್ಲ ಕಣೆ, ಅಂಚು.
ಹೋಯ್ತು.

ಹನ್ನೊಂದಕ್ಕೇ ಕಂಡಕ್ಟರು ಅವಳಿಗೆ ಫುಲ್ ಟಿಕೆಟ್ ಹರಿದ.
ಚರ್ಚಿನ ಹಾಡಿನ ಗುಂಪಿನಲ್ಲಿ ಸದಾ ಹಿಂದಿನ ಸಾಲು,
ಗ್ರೂಪ್ ಫೋಟೋದಲ್ಲಿ ಅರ್ಧ ಹಣೆ ಕತ್ತರಿಸಿಹೋದವಳು.
ಅವಳಮ್ಮ ಸಲೋಮಿ ಆಂಟಿ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವರು,
ಯೂನಿಫಾರಂ ಲಂಗದ ಮಡಿಕೆ ವರ್ಷವರ್ಷವೂ ಬಿಚ್ಚಿ ಇಳಿಸಿದರು;
ಹಳೆಯ ಅಂಚುಗಳ ಮೂರು ಗೆರೆ,
ಸಂಪಿನ ಗೋಡೆಯಲ್ಲಿ ಇಳಿದ ನೀರು ಬಿಟ್ಟ ಗುರುತಿನ ಹಾಗೆ.

ಶೂ ಮಾತ್ರ ಸಿಗುತ್ತಿರಲಿಲ್ಲ.
ಸಂಡೆ ಬಜಾರಿನಲ್ಲಿ ಗಂಡಸರ ಹತ್ತನೇ ನಂಬರು
ಇನ್ನೂರೈವತ್ತಕ್ಕೆ ಕುದುರಿಸಿ ತಂದು, ಮನೆಯಲ್ಲಿ ಬಿಚ್ಚಿದರೆ
ಎರಡೂ ಎಡಗಾಲಿನವು.
ಒಂದು ವಾರ ಹಾಗೇ ಆಡಿದಳು, ನಕ್ಕು ನಕ್ಕು.
ಆ ಎಡಕ್ಕೆ ನುಗ್ಗುವ ತಿರುವು ಹುಟ್ಟಿದ್ದೇ ಆವಾಗ
ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ.
ಅವಳು ಒಪ್ಪುವುದಿಲ್ಲ.

ಮಳೆ ಬಂದಾಗಲೆಲ್ಲ ಸುಣ್ಣದ ಗೆರೆ ಅಳಿಸುತ್ತಿತ್ತು.
ಉದ್ದ ಕಾಲಿನ ಮೇಷ್ಟ್ರು ಹೆಜ್ಜೆಯಿಂದ ಅಳೆದು ಮತ್ತೆ ಎಳೆಯುತ್ತಿದ್ದರು.
ವಿದ್ಯಾನಗರದ ಕ್ಯಾಂಪಿನಲ್ಲಿ ಮೊದಲ ದಿನ
ಎಸ್ತರಳ ಫ್ರೀ ಥ್ರೋ ಒಂದೂ ಬೀಳಲಿಲ್ಲ,
ಎಲ್ಲವೂ ರಿಂಗು ದಾಟಿ ಹಲಗೆಗೆ ಬಡಿದವು.
ಯಾಕೆಂದು ತಿಳಿದದ್ದು ರಜೆಗೆ ಬಂದವಳು ಶಾಲೆಯಂಗಳಕ್ಕೆ ಟೇಪು ಹಿಡಿದಾಗ:
ನಮ್ಮ ಗೆರೆ ಅರ್ಧ ಅಡಿ ದೂರ.
ಐದು ವರ್ಷ, ಯಾರೂ ಕೇಳದ ಅರ್ಧ ಅಡಿಯನ್ನು
ಸೇರಿಸಿ ಎಸೆದಿದ್ದೆವು.
"ಮೇಷ್ಟ್ರಿಗೆ ಹೇಳಬೇಡ," ಅಂದಳು.
ಹೇಳಲಿಲ್ಲ.

ಆ ಕ್ಯಾಂಪಿಗೆ ನಾನೂ ಹೋಗಬೇಕಿತ್ತು.
ಮಂಡ್ಯದ ಸೆಮಿಫೈನಲ್ಲಿನಲ್ಲಿ ಮಂಡಿ ಒಂದೇ ಮಾತು ಹೇಳಿತು,
ಒಣಕಡ್ಡಿ ಮುರಿದಂಥ ಮಾತು.
ಈಗ ವಿಜಯನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಬೇರೆಯವರ ಮಂಡಿಗಳ ರಿಪೋರ್ಟು ಟೈಪ್ ಮಾಡುತ್ತೇನೆ.
ಪೂರ್ತಿ ಹರಿದದ್ದು, ಅರ್ಧ ಹರಿದದ್ದು,
ಬೆರಳಿಗೆ ಬಾಯಿಪಾಠ.
ಹೊಟ್ಟೆಕಿಚ್ಚೇ? ಇತ್ತು. ಎರಡು ವರ್ಷ ಇತ್ತು.
ಆಮೇಲೆ ಯಾವತ್ತು ಹೋಯಿತೋ,
ಬಲೆಯಿಲ್ಲದ ರಿಂಗಿನಿಂದ ಇಳಿದ ಹಾಗೆ
ಸದ್ದೇ ಆಗಲಿಲ್ಲ.

ಲೀಗಿನವರು ಹರಾಜು ಹಾಕುತ್ತಾರೆ ಅಂದಾಗ
ಸಲೋಮಿ ಆಂಟಿಯ ಕೈಯ ಲೋಟ ಅಲ್ಲೇ ನಿಂತಿತು.
ಒತ್ತೆಯಿಟ್ಟ ಓಲೆಗೆ ಬಂದ ನೋಟೀಸಿನಲ್ಲಿ ಓದಿದ್ದ ಪದ ಅದು.
"ಮಗಳನ್ನಾ?"
"ಸಂಬಳ ಕೊಡ್ತಾರಮ್ಮ, ಆಡೋದಕ್ಕೆ."
"ಎಷ್ಟು ತಿಂಗಳು?"
"ಮೂರು."
"ಉಳಿದ ಒಂಬತ್ತು?"
ಅದಕ್ಕೆ ಆವತ್ತು ಯಾರ ಹತ್ತಿರವೂ ಉತ್ತರವಿರಲಿಲ್ಲ.
ಈಗಲೂ ಇಲ್ಲ.

ನಿನ್ನೆ ಕಂಠೀರವದ ಒಳಾಂಗಣ.
ಎಣ್ಣೆ ಹಚ್ಚಿದಂತೆ ಹೊಳೆಯುವ ಮರದ ನೆಲ,
ಅದರೊಳಗೆ ತಲೆಕೆಳಗಾಗಿ ಓಡುವ ಇನ್ನೂ ಹತ್ತು ಹುಡುಗಿಯರು.
ಪಕ್ಕದಲ್ಲಿ ಮೇಷ್ಟ್ರು, ಕಿವಿಗೆ ಮಿಷನ್ನು,
ಜೇಬಿನಲ್ಲಿ ಇನ್ನೂ ಅದೇ ಪೀಪಿ.
ಮೂರನೇ ಕ್ವಾರ್ಟರು, ಹನ್ನೊಂದು ಪಾಯಿಂಟು ಹಿಂದೆ,
ಎಸ್ತರಳಿಗೆ ಎರಡು ಫ್ರೀ ಥ್ರೋ.
ಮೊದಲನೆಯದು ಅಂಚಿಗೆ ತಾಗಿ ಆಚೆ ಹೋಯಿತು.

ಚೆಂಡನ್ನು ಎರಡು ಸಲ ಪುಟಿಸಿದಳು.
ಆಮೇಲೆ ಒಂದು ಪಾದದಷ್ಟು
ಗೆರೆಯಿಂದ ಹಿಂದೆ ಸರಿದು ನಿಂತಳು.
"ಯಾಕಮ್ಮ ಹಿಂದೆ ಹೋದಳು?" ಅಂದರು ಮೇಷ್ಟ್ರು.
"ಗೊತ್ತಿಲ್ಲ ಸಾರ್."

ಇಲ್ಲಿ ಬಲೆಯಿದೆ, ಬಿಳಿಯದು,
ದೀಪ, ಪರದೆ, ಅಂಕಿ, ಕೂಗಿ ಹೇಳುವವನು.
ಆದರೂ ಚೆಂಡು ಅವಳ ಬೆರಳು ಬಿಟ್ಟ ಗಳಿಗೆಯಲ್ಲೇ,
ಬಲೆ ಸರಕ್ಕನೆ ಅಲ್ಲಾಡುವ ಮುಂಚೆ,
ಆ ಗದ್ದಲದಲ್ಲಿ ಯಾರಿಗೂ ಕೇಳದ ಹಾಗೆ ಅಂದೆ:
ಹೋಯ್ತು.

ಮೇಷ್ಟ್ರು ನನ್ನ ತುಟಿ ನೋಡಿ ತಲೆಯಾಡಿಸಿದರು,
ಹಾಜರಿ ಪುಸ್ತಕದಲ್ಲಿ ಗುರುತು ಹಾಕುವವರ ಹಾಗೆ.
ಪಂದ್ಯ ಒಂಬತ್ತು ಪಾಯಿಂಟಿನಿಂದ ಸೋತರು.