ದಬ್ಬಣ

ಕಡತ ಹೊಲಿಯೂದು ನನ್ನ ಕೆಲಸ.
ಗದಗ, ದೊಡ್ಡ ಸರಕಾರಿ ಆಸ್ಪತ್ರಿ, ಹಿಂದಿನ ಬ್ಲಾಕು.
ಕಾನೂನು ಶಾಖೆ ಅಂತ ಬೋರ್ಡು, ಒಳಗ ಒಬ್ಬಾಂವ ನಾನು,
ಒಂದು ಪಂಚಿಂಗ್ ಮಶಿನ್ನು, ದಾರದ ಉಂಡಿ,
ನಮ್ಮಪ್ಪ ಹಮಾಲಿ ಮಾಡೂವಾಗ ಚೀಲ ಹೊಲೀತಿದ್ದ ದಬ್ಬಣ.

ದಾವಲಬಿ ನದಾಫ, ಲಕ್ಷ್ಮೇಶ್ವರ, ಗಾದಿ ಹೊಲಿಯಾಕಿ.
ಜ್ವರಕ್ಕ ಬಂದಿದ್ಲು. ಸಲಾಯಿನ್ ಸೂಜಿ
ಇಡೀ ರಾತ್ರಿ ನರ ಬಿಟ್ಟು ಹೊರಗಿತ್ತು.
ಬೆಳಗಾಗೂದ್ರಾಗ ಬಲಗೈ ಬದನಿಕಾಯಿ ಬಣ್ಣ.
ಹದಿನೈದು ದಿನಕ್ಕ ಮೂರು ಬೆರಳು ಹೋದವು.
ಕಡತದಾಗ ಇದು ನಾಕು ಸಾಲು.
ಉಳಿದ ಆರುನೂರಾ ಹನ್ನೆರಡು ಪುಟ ನಮ್ಮವು.

ಕೇಳಿದ್ದು ಎರಡು ಲಕ್ಷ ನಲವತ್ತು ಸಾವಿರ,
ಮತ್ತ ಅರ್ಜಿ ಕಡೀಕ, ಕೈಬರಹದಾಗ, ಒಂದು ಸಾಲು:
"ಯಾರಾದರೂ ಬಂದು ತಪ್ಪಾತು ಅನ್ನಬೇಕು."
ನಮ್ಮ ವಕೀಲರು ಅದರ ಕೆಳಗ ಗೆರಿ ಎಳದು
"ಪರಿಹಾರದ ವ್ಯಾಪ್ತಿಗೆ ಬಾರದು" ಅಂತ ಬರದ್ರು.

ಮೊದಲ ಎರಡು ವರ್ಷ ಬೆರಳಿನ ಮಾತೇ ಬರಲಿಲ್ಲ.
ಐದು ರೂಪಾಯಿ ಚೀಟಿ ಮಾಡಿಸಿದಾಕಿ
ಗ್ರಾಹಕಳೋ, ಪುಕ್ಕಟೆ ಬಂದಾಕಿಯೋ?
ಆ ಐದು ರೂಪಾಯಿ ಮ್ಯಾಲ ವಾದ ಮಾಡಾಕ
ಐವತ್ತೆಂಟು ಸಾವಿರ.
ಡಾಕ್ಟರು ಬೀದರಕ್ಕ ವರ್ಗ ಆಗಿದ್ರು. ಸಾಕ್ಷಿಗೆ ಏಳು ಸಲ ಬಂದ್ರು,
ಆರು ಸಲ ಕಲಾಪ ನಡೀಲಿಲ್ಲ.
ಪ್ರವಾಸಭತ್ಯೆ, ದಿನಭತ್ಯೆ, ಲಾಡ್ಜಿನ ರಸೀದಿ.
ತಜ್ಞರ ಅಭಿಪ್ರಾಯ: "ಹೀಗೆ ಆಗಬಹುದು, ಆಗದೆಯೂ ಇರಬಹುದು."
ಅದಕ್ಕ ಇಪ್ಪತ್ತೈದು ಸಾವಿರ.

ಮಾರ್ಚ್ ಮೂವತ್ತೊಂದಕ್ಕ ಕೂಡಿಸಿದೆ:
ಎರಡು ಲಕ್ಷ ಮೂವತ್ತೇಳು ಸಾವಿರದ ಒಂಬೈನೂರಾ ಅರವತ್ತು.
ಆಕಿ ಕೇಳಿದ್ದಕ್ಕ ಎರಡು ಸಾವಿರದ ನಲವತ್ತು ಕಡಿಮಿ.
ಪೆನ್ನು ಕೆಳಗಿಟ್ಟೆ. ಕಿಡಕಿ ಹೊರಗ ಯಾರೋ
ಗಿರ್ಮಿಟ್ ತಿಂದು, ಕಟ್ಟಿದ ಪೇಪರು ಓದಕೋಂತ ನಿಂತಿದ್ದ.

ಇಪ್ಪತ್ತಾರು ವರ್ಷದಾಗ ಮೊದಲ ಸಲ ನನ್ನ ಮಾತು ಟಿಪ್ಪಣಿಗೆ ಹಾಕಿದೆ:
"ಈ ಹಂತದಲ್ಲಿ ರಾಜಿಯಾದಲ್ಲಿ ಸರಕಾರಕ್ಕೆ ಉಳಿತಾಯ."
ಉಳಿತಾಯ ಅಂದ್ರ ಕೇಳ್ತಾರಂತ ಹಂಗ ಬರದೆ.
ನ್ಯಾಯ ಅನ್ನೂದಕ್ಕ ಲೆಕ್ಕಶೀರ್ಷಿಕೆ ಇಲ್ಲ.
ಒಂಬತ್ತು ದಿನಕ್ಕ ಕಡತ ತಿರುಗಿ ಬಂತು,
ಹಸಿರು ಶಾಯಿ, ಒಂದ ಶಬ್ದ: "ಚರ್ಚಿಸಿ".
ಚರ್ಚಿಸಾಕ ಹೋದಾಗೆಲ್ಲ ಸಾಹೇಬ್ರು ಮೀಟಿಂಗಿನಾಗ.

ಅಷ್ಟರಾಗ ಸುತ್ತೋಲೆ: ಕಾನೂನು ವೆಚ್ಚ ನಿಯಂತ್ರಿಸತಕ್ಕದ್ದು.
ವಕೀಲರಿಗೆ ಇಡಿಗಂಟು ಬ್ಯಾಡ, ಹಾಜರಾತಿಗೆ ಇಷ್ಟಂತ ಕೊಡತಕ್ಕದ್ದು.
ಕೊಟ್ವಿ. ಹಾಜರಾತಿ ಹೆಚ್ಚಾದವು.
ಝೆರಾಕ್ಸ್ ಎರಡೂ ಮಗ್ಗಲ ಮಾಡತಕ್ಕದ್ದು ಅಂತಾನೂ ಇತ್ತು.
ಅದನ್ನ ನಾನು ಚಾಚೂ ತಪ್ಪದ ಪಾಲಿಸೇನಿ.

ಬೆಟಗೇರಿ ಮಾರ್ಥಾ ಸಿಸ್ಟರ್, ಪಿಂಚಣಿ ಕಾಗದಕ್ಕ ಬಂದಾಕಿ,
ಸಹಿ ಮಾಡಿ ಕುಂತ ಬಿಟ್ಲು.
"ಅವತ್ತ ಬೆಳಿಗ್ಗೆನ ಆಕಿ ಕಾಟಿನ ಹತ್ರ ಹೊಂಟಿದ್ದೆ,
ತಪ್ಪಾತವ್ವಾ ಅನ್ನಾಕ.
ಒಪ್ಪಿಕೊಂಡಂಗ ಆಕ್ಕೈತಿ, ಸುಮ್ಕಿರು ಅಂದ್ರು.
ಸುಮ್ಕಿದ್ದೆ."
ಪುಕ್ಕಟೆ ಆಗ್ತಿತ್ತು ಆ ಮಾತು.
ಯಾವ ವೋಚರೂ ಬೇಕಾಗ್ತಿದ್ದಿಲ್ಲ.

ನಿನ್ನಿ ಆಯೋಗದ ಪಡಸಾಲ್ಯಾಗ ಕಡತ ಬಾಯಿ ಬಿಡ್ತು,
ಹಾಳಿ ಬೆಂಚಿನ ಕೆಳಗೆಲ್ಲ.
ಕುಕ್ಕರಗಾಲಿಲೆ ಕುಂತು ಹೊಲ್ಯಾಕ ಹತ್ತಿದೆ, ದಾರ ಹರೀತು.
ಎದುರಿಗೆ ಕುಂತಾಕಿ ದಾವಲಬಿ.
"ಒಂದೆಳಿ ತಾಳಂಗಿಲ್ರೀ. ಎರಡು ಪದರ ಮಾಡ್ರಿ.
ಮೊದಲ ಮೂಲಿ ಹಿಡೀಬೇಕು. ಕೊಡ್ರಿಲ್ಲೆ."
ಎಡಗೈಲೆ ದಬ್ಬಣ ಇಸಗೊಂಡ್ಲು,
ಬಲಗೈಯ ಮೋಟಿಲೆ ಹಾಳಿ ಒತ್ತಿ ಹಿಡದು
ತನ್ನ ಮ್ಯಾಲಿನ ಆರುನೂರಾ ಹನ್ನೆರಡು ಪುಟ
ಗಾದಿ ಹೊಲದಂಗ ಹೊಲದ್ಲು, ದಾರ ಹಲ್ಲಿಲೆ ಕಡದ್ಲು.

ಆ ಮಾತು ನನ್ನ ನಾಲಿಗಿ ತುದಿಗೆ ಬಂದಿತ್ತು.
ನಾನು ಎರಡನೇ ದರ್ಜೆ ಗುಮಾಸ್ತ.
"ಮುಂದಿನ ವಾಯಿದೆ ಯಾವಾಗ್ರೀ?" ಅಂದ್ಲು.
ಹೇಳಿದೆ.
ಬಸ್ಸಿಗೆ ಹೊತ್ತಾತಂತ ಎದ್ದು ಹೋದ್ಲು.

ಇವತ್ತ ಮುಂಜಾನಿ ಹೊಸಾ ಬಿಲ್ಲು ಬಂತು, ಆಕಿ ಕೇಳಿದ್ದನ್ನ ದಾಟಿದ್ವಿ.
ಒಳಗ ಸೇರಿಸಬೇಕು.
ಹೊಲಿಗಿ ಬಿಚ್ಚಾಕ ಬರವಲ್ದು.