ಹಳೆಯ ಡ್ರೈವರ್

ಏಳೂಕಾಲಾದರೆ ಸಾಕು, ಲಮಾರಾಳ ಮೌಸಿಗೆ ಮಂಪರು.
ಬಾಣದ ಗುರುತು ಪರದೆಯ ನಡುವೆ ನಿಂತೇಬಿಡುತ್ತದೆ,
ಎಳೆದರೆ ತಡವರಿಸಿ ತಡವರಿಸಿ
ಒಮ್ಮೆಗೇ ಆಚೆ ಅಂಚಿಗೆ ನೆಗೆತ.
ಅಷ್ಟರಲ್ಲಿ ಮೂರನೇ ತರಗತಿಯ ಪಾಠದ
ಜಾರ್ಜಿಯನ್ ದುಂಡಕ್ಷರವೊಂದು
ಕತ್ತೆಯ ಚಿತ್ರದ ಹೊಟ್ಟೆಯೊಳಗೆ ಹೋಗಿ ಕೂತಿರುತ್ತದೆ.

ಬ್ಯಾಟರಿ ಬದಲಿಸಿದಳು, ಎರಡು ಸಲ.
ಬ್ಲೂಟೂತ್ ಆರಿಸಿ, ಹತ್ತೆಣಿಸಿ, ಹಚ್ಚಿದಳು.
‘ಈ ಸಾಧನವನ್ನು ಮರೆತುಬಿಡು’ ಎಂದಿತ್ತು ಲ್ಯಾಪ್‌ಟಾಪು;
ಮರೆತಳು. ಮರೆತದ್ದನ್ನೇ ಹುಡುಕಿಸಿ ಮತ್ತೆ ಜೋಡಿಸಿದಳು,
ಹಳೆಯ ಗಂಡಹೆಂಡಿರಿಗೆ ಇನ್ನೊಮ್ಮೆ ಧಾರೆಯೆರೆದ ಹಾಗೆ.
ತಂಗಿಯ ಮಗ ಗೇಲಾ ಫೋನಿನಲ್ಲಿ ಅಂದ:
‘ಡ್ರೈವರ್ ಹಳೆಯದಾಗಿದೆ ಚಿಕ್ಕಮ್ಮ, ಕಿತ್ತು ಹೊಸದು ಹಾಕು.’
ಹಾಕಿದಳು. ರಾತ್ರಿಯೆಲ್ಲ ಬೆಣ್ಣೆಯ ಮೇಲೆ ಜಾರಿದಂತೆ.
ಮರುದಿನ ಏಳೂಕಾಲು. ಮತ್ತದೇ ರಾಗ.

ಗ್ಯಾಸ್ ಬಿಲ್ಲಿನ ಬೆನ್ನಲ್ಲಿ ಬರೆದಿಟ್ಟಳು:
ಸೋಮವಾರ ನಾಲ್ಕು ನಿಮಿಷ. ಮಂಗಳವಾರ ನಾಲ್ಕು.
ಭಾನುವಾರಕ್ಕೂ ರಜೆಯಿಲ್ಲ.
ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಮನೆಯೆಲ್ಲ ತಿರುಗಿದಳು;
ಕಿಟಕಿಯ ಬಳಿ ವಾಸಿ, ಅಡುಗೆಮನೆಯಲ್ಲಿ ಕೆಟ್ಟದ್ದು,
ನೆಲಕ್ಕೆ ಇಟ್ಟರೆ ಪೂರಾ ಮೂರ್ಛೆ.
ನೆಲಕ್ಕೇ ಕಿವಿಯಿಟ್ಟಳು.
ಕೆಳಗೊಂದು ಗುಂಯ್‌ಗುಟ್ಟುವಿಕೆ, ಮೂರು ಬೀಪು,
ಗಾಳಿಗೂಡಿನಿಂದ ಮೆಲ್ಲಗೆ ಮೇಲೆದ್ದ
ಕೊತ್ತಂಬರಿ ಹಾಕಿದ ಹುರುಳಿಕಾಯಿ ಬೀಜದ ವಾಸನೆ.

ಕೆಳಮನೆಯ ವಾಲಿಕೊ. ಕುತೈಸಿಯ ಟ್ರಾಲಿಬಸ್ಸನ್ನು
ಅದು ನಿಂತುಹೋಗುವ ತನಕ ಓಡಿಸಿದವ.
ಬಾಗಿಲು ಸರಿಯಾಗಿ ಕೂರದ, ದಾರ ಬಿಗಿದ ಮೈಕ್ರೋವೇವು.
ಎಂದರೆ ಗೇಲಾ ಹೇಳಿದ್ದು ಸುಳ್ಳಲ್ಲ:
ಡ್ರೈವರ್ ಹಳೆಯದೇ.

ಹನ್ನೊಂದು ಲಾರಿ ಕೊಟ್ಟು ವೈರಿನ ಮೌಸು ತಂದಳು.
ಅದು ಡ್ರಾಯರಿನಲ್ಲಿದೆ, ಪೊಟ್ಟಣ ಒಡೆದಿಲ್ಲ.
ಏಳೂಕಾಲಿಗೆ ಕೈ ತೆಗೆಯುತ್ತಾಳೆ,
ಚಹಾಕ್ಕೆ ನೀರಿಡುತ್ತಾಳೆ.
ಆತ ಉಣ್ಣಲಿ.

ಫೆಬ್ರವರಿಯ ಒಂದು ಗುರುವಾರ
ಏಳೂಕಾಲು. ಬಾಣ ನಿಲ್ಲಲಿಲ್ಲ.
ಏಳೂವರೆ. ಎಳೆದತ್ತ ಬಂತು, ಬಿಟ್ಟಲ್ಲಿ ನಿಂತಿತು,
ಇಷ್ಟು ವಿಧೇಯವಾಗಿ ಎಂದೂ ಇರಲಿಲ್ಲ.
ಎಂಟಕ್ಕೆ ಐದು ನಿಮಿಷವಿರುವಾಗ
ಮನೆಚಪ್ಪಲಿಯಲ್ಲೇ ಮೆಟ್ಟಿಲಿಳಿದು ಕದ ಬಡಿದಳು.

ಬಹಳ ಹೊತ್ತಿಗೆ ಚಿಲಕ. ಕೈಯಲ್ಲಿ ಚಮಚ,
ಮೀಸೆಗೆ ತಣ್ಣನೆಯ ಬೀಜದ ಸಿಪ್ಪೆ.
‘ಪೆಟ್ಟಿಗೆ ಸತ್ತಿತು’ ಅಂದ. ಆಮೇಲೆ ಹುಬ್ಬು ಗಂಟಿಕ್ಕಿ,
‘ಮೇಲೆ ನೀನು ದಿನವಿಡೀ ಏನೋ ಯಂತ್ರ ನಡೆಸುತ್ತೀಯಲ್ಲ,
ಅದರದ್ದೇ ಉಪದ್ರವ ಇರಬೇಕು.’

ಇರಬಹುದು ಅಂದಳು. ಗಡಿಗೆ ಕೊಡಿ, ಬಿಸಿಮಾಡಿ ತರುತ್ತೇನೆ.
ಲಿಫ್ಟಿಗೆ ಹಾಕಲು ಇಬ್ಬರಲ್ಲೂ ಚಿಲ್ಲರೆಯಿಲ್ಲ.
ಗಡಿಗೆ ಎದೆಗವಚಿ ಮೆಟ್ಟಿಲು ಹತ್ತಿದಳು;
ಮೇಲೆ ನಲವತ್ತೊಂದನೇ ಪುಟ ತೆರೆದೇ ಇತ್ತು,
ಅಕ್ಷರವಿನ್ನೂ ಕತ್ತೆಯ ಹೊಟ್ಟೆಯಲ್ಲಿ.